ರಘುನಾಥನ ಮಡಚುವ ಕಂಪ್ಯೂಟರ್

ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಲ್ಯಾಪ್‌ಟಾಪ್, ಮೊಬೈಲ್ ರಿಪೇರಿ ಮಾಡುವ ರಘುನಾಥನಿಗೆ ಕೂರುವುದು ಎಂದರೇನೆಂದು ಗೊತ್ತಿಲ್ಲ. ಅಂಗಡಿಯಲ್ಲಿ ಎರಡು ಕುರ್ಚಿಗಳಿವೆ, ಎರಡೂ ಗಿರಾಕಿಗಳಿಗೆ. ಇವನು ನಿಂತೇ ಕೆಲಸ ಮಾಡುತ್ತಾನೆ, ನಿಂತೇ ಚಹಾ ಕುಡಿಯುತ್ತಾನೆ, ಫೋನು ಬಂದರೆ ಗಲ್ಲಿಯ ಆ ತುದಿಯವರೆಗೆ ನಡೆದು ಮಾತಾಡಿ ಬರುತ್ತಾನೆ. ಮದುವೆಯ ದಿನ ಮೈಕ್ ಸೆಟ್ಟು ಗೊರಗೊರ ಅಂದಿತೆಂದು ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಅದನ್ನು ಬಿಚ್ಚಿ ಹರಡಿಕೊಂಡ ಮಹಾನುಭಾವ. ಬೀಗರು ಕಂಗಾಲಾದರು. ತಾಯಿ ಉಡಚಮ್ಮ ಮಾತ್ರ, "ಹೊಟ್ಟೆಯಾಗಿದ್ದಾಗ್ಲೂ ಹಿಂಗೇ ಒದೀತಿದ್ದ, ಬಿಡ್ರಿ" ಎಂದು ಅವರನ್ನು ಸಮಾಧಾನ ಮಾಡಿದಳು.

ಅವನ ಹೆಂಡತಿ ಧನುಶ್ರೀ ಪಶುಸಖಿ. ಹಳ್ಳಿ ಹಳ್ಳಿ ತಿರುಗಿ, ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ, ಯಾವ ಹಸುವಿಗೆ ಲಸಿಕೆ ಆಗಿದೆ, ಯಾವ ಎಮ್ಮೆ ಗಬ್ಬವಾಗಿದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಹಗಲೆಲ್ಲ ಮೊಬೈಲಿನ ಸಣ್ಣ ಪರದೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಗುರುತು ಹಾಕುವುದು, ಸಂಜೆ ಮನೆಗೆ ಬಂದು ಅದನ್ನೇ ಹಳೆಯ ಲ್ಯಾಪ್‌ಟಾಪಿನಲ್ಲಿ ಮತ್ತೆ ಟೈಪು ಮಾಡುವುದು. ಒಂದೇ ಕೆಲಸವನ್ನು ಎರಡು ಸಲ ಮಾಡುವುದನ್ನು ನೋಡಿದರೆ ರಘುನಾಥನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಸ್ಲೇಟು, ಬಿಡಿಸಿ ನಿಲ್ಲಿಸಿದರೆ ಲ್ಯಾಪ್‌ಟಾಪ್, ಅಂಥದ್ದೊಂದನ್ನು ಅವಳಿಗೆ ಮಾಡಿಕೊಡುತ್ತೇನೆಂದು ಹೊರಟ.

ಅಂಥವು ಪೇಟೆಯಲ್ಲಿ ಸಿಗುತ್ತವೆ. ಆದರೆ ಕೊಟ್ಟಿಗೆಯ ಗಂಜಲ, ನಡು ಮಧ್ಯಾಹ್ನದ ಬಿಸಿಲು, ಸಾಸ್ವೆಹಳ್ಳಿ ಬಸ್ಸಿನ ಕುಲುಕಾಟ ಎಲ್ಲವನ್ನೂ ತಡೆಯುವಂಥದ್ದು ಸಿಗುವುದಿಲ್ಲ ಎಂಬುದು ಅವನ ವಾದ. ವಾದ ಅರ್ಧ ನಿಜ. ಇನ್ನರ್ಧ, ತಾನೇ ಮಾಡಬೇಕೆಂಬ ಹುಚ್ಚು.

ಗುಜರಿಗೆ ಬಂದ ಲ್ಯಾಪ್‌ಟಾಪುಗಳ ಒಳಾಂಗ ತೆಗೆದು ಮೊದಲನೆಯದನ್ನು ಮಾಡಿದ. ಕೊಟ್ಟಿಗೆಯಲ್ಲಿ ಮಡಚಿ ಬಿಡಿಸಿ ಮಾಡುತ್ತಲೇ ಕೀಲಿನೊಳಗಿನ ತಂತಿ ತುಂಡಾಯಿತು. ಎರಡನೆಯದರ ಕೀಲು ಗಟ್ಟಿಯಾಗಿತ್ತು, ಆದರೆ ಯಂತ್ರ ಒರಳುಕಲ್ಲಿನಷ್ಟು ಭಾರ. ಎರಡನ್ನೂ ಧನುಶ್ರೀ ಒಯ್ದಳು, ಎರಡನ್ನೂ ತಂದು ಮೇಜಿನ ಮೇಲಿಟ್ಟು, "ಚೆನ್ನಾಗೈತೆ ಕಣ್ರೀ" ಎಂದಳು. ಮಾರನೆಯ ದಿನ ಮತ್ತೆ ಮೊಬೈಲು ಹಿಡಿದು ಹೊರಟಳು. ಯಂತ್ರಗಳು ಅಟ್ಟ ಸೇರಿದವು. ಚೆನ್ನಾಗೈತೆ ಎಂಬ ಮಾತು ಕೇಳಿದರೆ ಸಾಕು, ರಘುನಾಥನ ಎದೆ ಧಸಕ್ಕೆನ್ನುವುದು ಶುರುವಾಯಿತು.

ಮೂರನೆಯದು ಮುಗಿಯುತ್ತ ಬಂದ ಹೊತ್ತಿಗೆ ಜಗಳೂರಿನಿಂದ ಹಳೆಯ ಗೆಳೆಯ ಪ್ರಸನ್ನಕುಮಾರನ ಫೋನು ಬಂತು. ಅಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಖಾಲಿಯಿದೆ, ನಾಳೆ ಸಂಜೆಯೊಳಗೆ ಹೂಂ ಅನ್ನಬೇಕು. ಕೆಲಸವೆಂದರೆ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು. ಯಂತ್ರ ಕೆಟ್ಟರೆ ಕಂಪನಿಗೆ ಫೋನು ಮಾಡಬೇಕಂತೆ, ಬಿಚ್ಚುವಂತಿಲ್ಲವಂತೆ. ಕೇಳಿಯೇ ರಘುನಾಥನಿಗೆ ಉಸಿರು ಕಟ್ಟಿತು.

ಉಡಚಮ್ಮ ಬಿಡಲಿಲ್ಲ. "ಈ ಮೂರನೇದೂ ಅಟ್ಟ ಹತ್ತಿದ್ರೆ ಜಗಳೂರಿಗೆ ಹೋಗ್ತೀಯೋ ಇಲ್ಲೋ?"

"ಹೋಗ್ತೀನಿ ಕಣವ್ವ. ಈ ಹುಚ್ಚೂ ಬಿಡ್ತೀನಿ," ಅಂದುಬಿಟ್ಟ. ಪ್ರಸನ್ನಕುಮಾರನಿಗೂ ಫೋನು ಮಾಡಿ ಅದನ್ನೇ ಹೇಳಿದ.

ಮೂರನೆಯದು ಹಗುರವಾಗಿತ್ತು. ಕೀಲನ್ನು ಲೇತ್ ಜಯಪ್ಪನ ಹತ್ತಿರ ಕಡೆಸಿದ್ದ. ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು. ಕೀಬೋರ್ಡು ಪೂರ್ತಿ ಹಿಂದೆ ಹೋದರೆ ಅದರ ಗುಂಡಿಗಳು ತಾವಾಗಿಯೇ ಸುಮ್ಮನಾಗುತ್ತಿದ್ದವು. ಯಂತ್ರ ತಿರುಗಿಸಿದರೆ ಅಕ್ಷರವೂ ನೆಟ್ಟಗೆ ತಿರುಗುತ್ತಿತ್ತು. ಮೇಜಿನ ಮೇಲಿಟ್ಟು ನೋಡಿದ, ಎರಡೂ ಕೈಯಲ್ಲಿ ಹಿಡಿದು ನೋಡಿದ, ಬೈಕಿನ ಟ್ಯಾಂಕಿನ ಮೇಲಿಟ್ಟೂ ನೋಡಿದ. ಎಲ್ಲೂ ತಪ್ಪು ಕಾಣಲಿಲ್ಲ.

ಬೆಳಿಗ್ಗೆ ಧನುಶ್ರೀ ಅದನ್ನು ಚೀಲಕ್ಕಿಳಿಸಿ ಗೋವಿನಕೋವಿಗೆ ಬಸ್ಸು ಹತ್ತಿದಳು. ರಘುನಾಥ ಅಂಗಡಿ ತೆಗೆದ. ಗಿರಾಕಿಯೊಬ್ಬರ ಮೊಬೈಲು ಬಿಚ್ಚಿದ, ಏನು ಕೆಟ್ಟಿದೆಯೆಂದು ಕೇಳಿದ್ದೇ ಮರೆತು ಮತ್ತೆ ಮುಚ್ಚಿದ. ಅವಳಿಗೆ ಫೋನು ಮಾಡಲು ಕೈ ಹೋಯಿತು, ಹಿಂದೆ ಬಂತು. ಎಲ್ಲಿ ಚೆನ್ನಾಗೈತೆ ಅಂದುಬಿಡುತ್ತಾಳೋ! ಕೊನೆಗೆ ಗಿರಾಕಿಯನ್ನೇ ಅಂಗಡಿ ಕಾಯಲು ಕೂರಿಸಿ ಬೈಕು ಹತ್ತಿದ.

ಗೋವಿನಕೋವಿಯಲ್ಲಿ ಹಾಲೇಶಪ್ಪನ ಕೊಟ್ಟಿಗೆಯ ಮುಂದೆ ಅವಳ ಚಪ್ಪಲಿ ಕಂಡಿತು. ಇವನು ಬೈಕು ನಿಲ್ಲಿಸಿ, ಹುಲ್ಲಿನ ಬಣವೆಯ ಮರೆಯಲ್ಲಿ ಕಳ್ಳನ ಹಾಗೆ ನಿಂತ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಕೆಲಸ ಮಾಡುವುದನ್ನು ಅವನು ನೋಡುತ್ತಿದ್ದುದು ಅದೇ ಮೊದಲು.

ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ ಉದ್ದನೆಯ ನಂಬರು. ಎಮ್ಮೆ ತಲೆ ಕೊಡವುತ್ತಿತ್ತು. ಧನುಶ್ರೀ ಬಲಗೈಯಲ್ಲಿ ಕಿವಿ ಹಿಡಿದು ನಂಬರು ಓದುತ್ತಾಳೆ, ಬಿಡುತ್ತಾಳೆ, ಅದೇ ಕೈಯಲ್ಲಿ ಪರದೆಯ ಮೇಲೆ ಒತ್ತುತ್ತಾಳೆ. ಹಾಗಾದರೆ ಯಂತ್ರ ಎಲ್ಲಿದೆ? ಎಡ ಸೊಂಟದ ಮೇಲೆ! ಕೀಬೋರ್ಡನ್ನು ಅರೆಬರೆ ಹಿಂದಕ್ಕೆ ಮಡಚಿ ಸೊಂಟಕ್ಕೆ ಆನಿಸಿ, ಪರದೆಯನ್ನು ಹೊರಗೆ ಚಾಚಿ, ಬಿಂದಿಗೆ ಹಿಡಿದಂತೆ ಎಡಗೈಯಲ್ಲಿ ಬಳಸಿ ಹಿಡಿದಿದ್ದಳು. ಸೊಂಟ ಒತ್ತಿದಂತೆಲ್ಲ ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟುತ್ತಿತ್ತು. ಅವಳು ಎಮ್ಮೆಯ ಕಡೆ ಬಾಗಿದರೆ ಬರಹವೆಲ್ಲ ತಲೆಕೆಳಗಾಗುತ್ತಿತ್ತು.

ರಘುನಾಥ ತಡೆಯಲಾರದೆ ಬಣವೆಯಿಂದ ಹೊರಗೆ ನುಗ್ಗಿದ. "ಹಂಗೆ ಹಿಡಿಯಾಕೆ ಮಾಡಿದ್ದಲ್ಲ ಕಣೇ ಅದು!"

ಧನುಶ್ರೀ ಬೆಚ್ಚಿಬಿದ್ದಳು. ಗಂಡನೆಂದು ಗೊತ್ತಾದ ಮೇಲೆ ಸಿಟ್ಟು ನೆತ್ತಿಗೇರಿತು. "ಮತ್ತೆ ಹೆಂಗೆ ಹಿಡೀಲಿ? ಎರಡೂ ಕೈ ನಿಮ್ಮ ಮಿಷನ್ನಿಗೆ ಕೊಟ್ರೆ ಎಮ್ಮೆ ಕಿವಿ ಯಾರು ಹಿಡೀತಾರೆ, ನೀವಾ?"

ಹಾಲೇಶಪ್ಪನ ತಾಯಿ ಅಜ್ಜಮ್ಮ ಗೋಡೆಗೆ ಒರಗಿ ಕೂತಿದ್ದವಳು ಬಾಯಿ ತುಂಬ ನಕ್ಕಳು. "ಕೂಸಾಗ್ಲಿ, ಕೊಡಪಾನ ಆಗ್ಲಿ, ಹೆಂಗಸ್ರು ಇನ್ನೆಲ್ಲಿ ಇಟ್ಕೊಂತಾರಪ್ಪ?"

ಧನುಶ್ರೀ ನಿಲ್ಲಿಸಲಿಲ್ಲ. "ಬಗ್ಗಿದ್ರೆ ಅಕ್ಷರ ಉಲ್ಟಾ ಆಗ್ತಾವೆ. ನಡು ತಾಗಿದ್ರೆ ತಾನೇ ಏನೇನೋ ಬರ್ಕೊಂತೈತೆ. ಈ ಮೂಲೆ ನೋಡ್ರಿ, ಬೆಳಿಗ್ಗೆಯಿಂದ ಚುಚ್ಚಿ ಚುಚ್ಚಿ ಸೊಂಟ ಕೆಂಪಾಗೈತೆ. ಬೆವರಿಗೆ ಜಾರ್ತೈತೆ ಬೇರೆ. ಒಂದು ಹಿಡಿ ಇಡಾಕೆ ಏನಾಗಿತ್ತು ನಿಮ್ಗೆ?"

ರಘುನಾಥ ಯಂತ್ರದ ಮೂಲೆಯನ್ನೂ ಅವಳ ಸೊಂಟವನ್ನೂ ನೋಡಿದ. ಮೇಜು, ತನ್ನೆರಡು ಕೈ, ಬೈಕಿನ ಟ್ಯಾಂಕು. ಅಳೆದದ್ದೆಲ್ಲ ತನ್ನದನ್ನೇ. ಯಾರಿಗೆ ಮಾಡಿದನೋ ಅವಳು ಎಲ್ಲಿ ನಿಲ್ಲುತ್ತಾಳೆ, ಹೇಗೆ ಹಿಡಿಯುತ್ತಾಳೆ ಎಂದು ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಕೈಗೆ ಕಡಿತ ಶುರುವಾಯಿತು.

ಹಾಲೇಶಪ್ಪನ ಕೊಟ್ಟಿಗೆಯಿಂದ ಒಂದು ತುಂಡು ಹುರಿ ಎಳೆದುಕೊಂಡವನೇ, ಹಾಡಹಗಲಲ್ಲಿ, ಎಮ್ಮೆಯ ಮುಂದೆ, ಅಜ್ಜಮ್ಮನ ಮುಂದೆ, ಹೆಂಡತಿಯ ಸೊಂಟದ ಬಾಗನ್ನು ಅಳೆಯತೊಡಗಿದ.

"ಏನ್ರೀ ಇದು, ಜನ ನೋಡ್ತಾರೆ!" ಧನುಶ್ರೀ ಮುಖ ಕೆಂಪಾಗಿಸಿಕೊಂಡಳು. ಆದರೆ ಅಲುಗಾಡದೆ ನಿಂತಿದ್ದಳು.

ಅಳತೆ ಮುಗಿದ ಮೇಲೆ ಅವಳು ಯಂತ್ರವನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. ರಘುನಾಥನ ಎದೆ ಧಸಕ್ಕೆಂದಿತು. ಬಂತು, ವಾಪಸ್ ಬಂತು. ಇನ್ನು ಆ ಮಾತೊಂದು ಬಾಕಿ. ಕಣ್ಣು ಮುಚ್ಚಿ ನಿಂತ.

"ಇವತ್ತು ಹೆಂಗೋ ಮೊಬೈಲಾಗೆ ಮುಗಿಸ್ತೀನಿ. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿ ಮಾಡಿ ಕೊಡ್ರಿ," ಎಂದಳು ಧನುಶ್ರೀ. "ಇನ್ನು ಆ ಸಣ್ಣ ಪರದೆ ನೋಡಾಕೆ ನನ್ ಕೈಲಾಗಲ್ಲ." ಹೇಳಿ, ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋದಳು.

ರಘುನಾಥ ಅಲ್ಲೇ ನಿಂತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪ್ರಸನ್ನಕುಮಾರ.

"ಏನಾತಲೇ, ಮೂರನೇದೂ ವಾಪಸ್ ಬಂತಾ?"

"ಬಂತು ಕಣೋ," ಎಂದ ರಘುನಾಥ. "ಆದ್ರೆ ಚೆನ್ನಾಗೈತೆ ಅನ್ಲಿಲ್ಲ. ಬೈದು ಕೊಟ್ಟಾಳೆ. ಜಗಳೂರಿಗೆ ಬರಾಕಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೋ."