ಬೆಚ್ಚಗಿನ ಬೋಣಿ

ಹಣ ಸಂದಾಯವಾಯಿತೆಂದು ಕಾರ್ಡ್ ಯಂತ್ರ ಸದ್ದು ಮಾಡಿದರೂ, ವಡಗಾವಿಯ ಸೀರೆ ಅಂಗಡಿಯ ಗಂಗಕ್ಕ ನಾನು ಕೊಂಡ ಸೀರೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಬ್ಯಾಂಕಿನವರು ಹಿಂದಿನ ದಿನವಷ್ಟೇ ಕೊಟ್ಟ ಯಂತ್ರ. ಅದರಲ್ಲಿ ನನ್ನದೇ ಮೊದಲ ವ್ಯಾಪಾರ; ಆ ದಿನದ ಬೋಣಿಯೂ ನನ್ನದೇ. ದಿನದ ಮೊದಲ ಹಣವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುವುದು ಅವರ ರೂಢಿ.

“ಕಾರ್ಡ ನೀವ ತಿರುಗಿ ಇಸ್ಕೊಂಡ್ರಿ. ಬೋಣಿ ಅಂತ ನನ್ನ ಕೈಯಾಗ ಏನ್ ಬಂತ್ರಿ?” ಎಂದರು.

ಅಷ್ಟರಲ್ಲಿ ಯಂತ್ರದಿಂದ ಚೀಟಿ ಹೊರಬಂತು. ಗಂಗಕ್ಕ ಅದನ್ನು ಹರಿದು ಬೆರಳಲ್ಲಿ ಸವರಿದರು. ಮುಖ ಅರಳಿತು.

“ಅಯ್ಯ, ಕೈಯಾಗಿಂದ ಬಂದಂಗ ಬೆಚ್ಚಗೈತಲ್ರೀ!” ಎನ್ನುತ್ತ ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಸೀರೆ ನನ್ನ ಕೈಗೆ ಬಂತು.

ಎಷ್ಟೋ ವರ್ಷದಿಂದ ಕಾರ್ಡ್ ಬಳಸುತ್ತಿದ್ದರೂ ಆ ಚೀಟಿ ಬೆಚ್ಚಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಈಗ ಯಾವ ಅಂಗಡಿಯಲ್ಲಾದರೂ ಅದನ್ನು ಓದುವ ಮೊದಲು ಮುಟ್ಟಿ ನೋಡುತ್ತೇನೆ.