ಮಾಳಸಿದ್ದನ ಟ್ರಂಕಿನೊಳಗಿನ ಜಾವಳ

ಸತ್ತಿ ಎಂಬ ಊರಿನ ಕುರಿಗಾರ ಜಕ್ಕಪ್ಪನೆಂದರೆ ಹೊಳೆಸಾಲಿನ ಹತ್ತು ಹಳ್ಳಿಗೆ ಗೊತ್ತಿದ್ದ ಆಳು. ಕೃಷ್ಣೆ ದಂಡೆ ಮೀರಿದ ಒಂದು ಆಷಾಢದಲ್ಲಿ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ಅರವತ್ತು ಕುರಿಗಳನ್ನು ಅವನು ಒಂದೇ ಟಗರಿನ ಕೋಡು ಹಿಡಿದು ಈಚೆ ದಾಟಿಸಿದ. ಟಗರು ಇಳಿದರೆ ಹಿಂಡು ಇಳಿಯುತ್ತದೆ, ಟಗರು ಇಳಿಯಬೇಕಾದರೆ ಕುರುಬ ಮೊದಲು ಇಳಿಯಬೇಕು ಎನ್ನುತ್ತಿದ್ದ. ಅವನ ಮಗ ಭೀಮಸಿ ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಇರಾಕಿನ ಬಸ್ರಾದಲ್ಲಿ ಮರಳು ತುಳಿದು, ಒಂದು ತಾಮ್ರದ ತಂಬಿಗೆಯನ್ನೂ ಒಂದು ಕುಂಟುಗಾಲನ್ನೂ ತಂದ. "ತಂಬಿಗಿ ಸರಕಾರದ್ದು, ಕುಂಟು ನಂದು" ಎಂದು ನಗುತ್ತಿದ್ದನಂತೆ. ಭೀಮಸಿಯ ಮಗ ಬಾಳಾಸಾಬ ಎಲ್ಲಿಗೂ ಹೋಗಲಿಲ್ಲ. ಆದರೆ ತನಗಿದ್ದ ಮೂರು ಎಕರೆಯಲ್ಲಿ ನಾಲ್ಕು ಗುಂಟೆಯನ್ನು ಹೊಲಮನೆಗಳ ವಸ್ತಿಯ ಶಾಲೆಗೆ ಬಿಟ್ಟುಕೊಟ್ಟ, ಸ್ವತಃ ಶಾಲೆಯ ಹೊಸ್ತಿಲು ದಾಟದವನು. ಆ ಶಾಲೆಯ ಕಿಟಕಿಯ ಹೊರಗೆ ದನ ಬಿಟ್ಟುಕೊಂಡು ನಿಂತೇ ನಾನು ಅಕ್ಷರ ಕಲಿತೆ. ಹೀಗಾಗಿ ಆ ಮನೆಯ ಉಪ್ಪು ನನ್ನ ಪೆನ್ನಿನಲ್ಲೂ ಇದೆ.

ಈ ಬಾಳಾಸಾಬನ ಮಗ ಮಾಳಸಿದ್ದ. 1977ರಲ್ಲಿ ಬೆಳಗಾವಿಯಲ್ಲಿ ನಡೆದ ಸೈನ್ಯದ ಭರತಿಯಲ್ಲಿ ಓಡಿ, ಹಗ್ಗ ಹತ್ತಿ, ಎದೆ ಅಳೆಸಿಕೊಂಡು ಪಲ್ಟನ್ ಸೇರಿದ. ಮಾತು ಕಡಿಮೆ. ಆಡಿದರೆ ಜೋಳದ ರೊಟ್ಟಿ ಮುರಿದ ಹಾಗೆ, ಒಂದೇ ಏಟಿಗೆ ಎರಡು ತುಂಡು. ಅವನ ಬಾಯಿಂದ ಯಾರ ಮೇಲಾದರೂ ದೂರು ಬಂದದ್ದನ್ನು ನಾನು ಕೇಳಿಲ್ಲ. ಸೈನ್ಯದ ಮಾತೆತ್ತಿದರೆ, "ಸೈನ್ಯ ನನಗ ಬೂಟು ಕೊಟ್ಟಿತು, ಹಿಂದಿ ಕೊಟ್ಟಿತು, ಹಿಮ ತೋರಿಸ್ತು" ಎಂದು ಉಪಕಾರವನ್ನೇ ಹೇಳುತ್ತಿದ್ದ. ಅಂಥವನು ಒಂದೇ ಒಂದು ಸಲ ಎದ್ದು ನಿಂತು ಮಾತಾಡಿದ್ದ. ಆ ಕತೆಯನ್ನು ಬರೆಯದೆ ಬಿಟ್ಟರೆ ನಾನು ಅಕ್ಷರ ಕಲಿತದ್ದೇ ದಂಡ.

1984ರಲ್ಲಿ ಅವನ ಹೆಂಡತಿ ಸತ್ತೆವ್ವ ಹೆಣ್ಣು ಹಡೆದಳು. ಮಗುವಿಗೆ ಶೇವಂತಾ ಎಂದು ಹೆಸರಿಟ್ಟರು. ಆ ಮನೆತನದಲ್ಲಿ ಜಾವಳದ ಪದ್ಧತಿ ಹೀಗೆ: ಮಗುವಿನ ಮೊದಲ ಕೂದಲನ್ನು ಸೋದರಮಾವ ಕತ್ತರಿಸಬೇಕು, ಸೋದರತ್ತೆ ಉಡಿಯೊಡ್ಡಿ ಹಿಡಿಯಬೇಕು. ಒಂದು ಎಳೆಯೂ ನೆಲ ಮುಟ್ಟಬಾರದು. ಅದನ್ನು ಭಂಡಾರದ ಅರಿಷಿಣದಲ್ಲಿ ಹೊರಳಿಸಿ, ಉಣ್ಣೆಯ ದಾರ ಸುತ್ತಿ ಗಂಟು ಕಟ್ಟಬೇಕು. ತಂದೆ ತನ್ನ ಕೈಯಾರೆ ಬಿಚ್ಚಿ ಹೊಳೆಗೆ ಬಿಡಬೇಕು. ಬಿಡುವ ತನಕ ಮಗುವಿನ ತಲೆಗೆ ಮತ್ತೆ ಕತ್ತರಿ ತಾಗಿಸುವುದಿಲ್ಲ, ಅದಕ್ಕೆ ಹೊಸ ಅಂಗಿ ತೊಡಿಸುವುದಿಲ್ಲ.

ಮಾಳಸಿದ್ದನ ರಜೆ ಎರಡು ಸಲ ರದ್ದಾಯಿತು. ಮಗುವಿಗೆ ಎರಡು ವರ್ಷ ತುಂಬುತ್ತ ಬಂದಿತ್ತು. ಆಗ ಸತ್ತೆವ್ವ ತಾನೇ ಒಂದು ದಾರಿ ಹುಡುಕಿದಳು. "ಅಪ್ಪ ಜಾವಳದ ಕಡೆ ಬರಲಿಲ್ಲಂದ್ರ ಜಾವಳನ ಅಪ್ಪನ ಕಡೆ ಹೋಗ್ಲಿ. ಅಲ್ಲೇನು ಹೊಳಿ ಇರೂದಿಲ್ಲೇನು?" ಎಂದಳು. ಗಂಡನ ಅಕ್ಕ ದುಂಡವ್ವ ಗೊಣಗಿದರೂ, ಸೋದರಮಾವ ಕತ್ತರಿಸಿದ ಕೂದಲನ್ನು ಉಡಿಯಲ್ಲಿ ಹಿಡಿದು ಗಂಟು ಕಟ್ಟಿಕೊಟ್ಟಳು. ಅದೇ ಪಲ್ಟನ್ನಿನಲ್ಲಿದ್ದ ಮುಗಳಖೋಡದ ಭೀಮಗೊಂಡ ರಜೆ ಮುಗಿಸಿ ಹೊರಟಿದ್ದ. ಅವನ ಕೈಯಲ್ಲಿ ಗಂಟನ್ನೂ, ಸತ್ತೆವ್ವ ಹೇಳಿ ನಾನು ಬರೆದ ಪತ್ರವನ್ನೂ ಕಳಿಸಿದೆವು. ಮಗಳ ಕೂದಲನ್ನು ಸಾವಿರ ಮೈಲಿ ದೂರದ ಬ್ಯಾರಕ್ಕಿಗೆ ಕಳಿಸುವುದು ತಪ್ಪಾಗಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮಾಳಸಿದ್ದನಿಗೆ ಬೇರೆ ಹೊಳೆಗೆ ಬಿಡಲು ಮನಸ್ಸು ಬರಲಿಲ್ಲ. ಇವತ್ತಲ್ಲ ನಾಳೆ ರಜೆ ಸಿಕ್ಕೀತು, ಕೃಷ್ಣೆಗೇ ಬಿಟ್ಟರಾಯಿತೆಂದು ಗಂಟನ್ನು ಟ್ರಂಕಿನ ತಳದಲ್ಲಿ, ಮಡಚಿದ ಸ್ವೆಟರಿನೊಳಗೆ ಇಟ್ಟು ಬೀಗ ಹಾಕಿದ.

1986ರ ಮೇ ತಿಂಗಳು. ಕಂಪನಿಯ ಸ್ಟೋರಿನಿಂದ ಒಂದು ದುರ್ಬೀನು ಕಾಣೆಯಾಯಿತು. ಮಾರನೆಯ ದಿನ ಮುಂಜಾನೆ ಎಲ್ಲರೂ ಮೈದಾನದಲ್ಲಿ ಕವಾಯತು ಮಾಡುತ್ತಿರುವಾಗ, ಒಬ್ಬ ಹವಾಲ್ದಾರ ಇಬ್ಬರು ಜವಾನರನ್ನು ಕಟ್ಟಿಕೊಂಡು ಬ್ಯಾರಕ್ಕಿಗೆ ನುಗ್ಗಿದ. ಅವನ ಹೆಸರು ಬರೆಯುವುದಿಲ್ಲ, ಅವನಿಗೂ ಮಕ್ಕಳುಮರಿ ಇದ್ದಾವು. ಬ್ಯಾರಕ್ಕಿನಲ್ಲಿ ಇದ್ದವನು ಭೀಮಗೊಂಡ ಒಬ್ಬನೇ, ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ. ಅವನ ಕಣ್ಣೆದುರೇ ಒಂದೊಂದು ಟ್ರಂಕಿನ ಬೀಗ ಮುರಿದು ನೆಲಕ್ಕೆ ಸುರುವಿದರು. ಮಾಳಸಿದ್ದನ ಟ್ರಂಕಿನಿಂದ ಪತ್ರ ಸಿಕ್ಕಿತು. ಹವಾಲ್ದಾರನಿಗೆ ಕನ್ನಡ ಬಾರದು.

"ಏ, ಇದೇನು ಬರೆದಿದೆ, ಓದು" ಎಂದು ಪತ್ರವನ್ನು ಭೀಮಗೊಂಡನ ಮುಖಕ್ಕೆ ಹಿಡಿದ.

"ನಾ ಕಲ್ತದ್ದು ಮರಾಠಿ ಸಾಲಿ ಸಾಬ್. ಕನ್ನಡ ಅಕ್ಷರ ನನಗ ಇರುವಿ ಸಾಲಿದ್ದಂಗ ಕಾಣ್ತಾವ" ಎಂದ ಭೀಮಗೊಂಡ.

ಕನ್ನಡ ಶಾಲೆಯಲ್ಲೇ ಕಲಿತ ಮುಗಳಖೋಡದವನು ಕನ್ನಡ ಬಾರದೆಂದು ಹೇಳಿದ್ದು ಅದೊಂದೇ ಸಲ. ಪತ್ರದಲ್ಲಿ ಸತ್ತೆವ್ವ ಗಂಡನಿಗೆ ಹೇಳಿದ ಒಂದೆರಡು ಮಾತಿದ್ದವು. ಬರೆಯುವಾಗ ನಾನೇ ತಲೆ ತಗ್ಗಿಸಿದ್ದೆ. ಹತ್ತು ಜನರ ಬಾಯಿಗೆ ಬೀಳುವ ಮಾತಲ್ಲ ಅವು. ಆ ಜ್ವರದಲ್ಲೂ ನಮ್ಮೂರ ಸೊಸೆಯ ಮಾನ ಕಾಯ್ದ ಭೀಮಗೊಂಡನಿಗೆ ದೇವರು ನೂರು ವರ್ಷ ಕೊಡಲಿ.

ಆಮೇಲೆ ಗಂಟು ಸಿಕ್ಕಿತು. ಬಿಚ್ಚಿ ಝಾಡಿಸಿದರು. ಅರಿಷಿಣ ಹಾರಿತು, ಎಳೆಗೂದಲು ನೆಲದ ತುಂಬ ಚೆಲ್ಲಿತು. ಹವಾಲ್ದಾರ ನಾಲ್ಕು ಹೆಜ್ಜೆ ಹಿಂದೆ ಸರಿದ. "ಇದು ಮಾಟ. ಇವನು ಯಾರಿಗೋ ಮಾಟ ಮಾಡುತ್ತಿದ್ದಾನೆ" ಎಂದ. ಕವಾಯತು ಮುಗಿಸಿ ಮಾಳಸಿದ್ದ ಬಾಗಿಲಿಗೆ ಬರುವಷ್ಟರಲ್ಲಿ ಆ ಮಾತು ಅವನಿಗಿಂತ ಮೊದಲು ಮೈದಾನ ದಾಟಿತ್ತು. ಪಕ್ಕದ ಮಂಚದವರು ತಮ್ಮ ಹಾಸಿಗೆಗಳನ್ನು ಅತ್ತ ಎಳೆದುಕೊಳ್ಳುತ್ತಿದ್ದರು.

ಮಾಳಸಿದ್ದ ಯಾರನ್ನೂ ಬೈಯಲಿಲ್ಲ. ಮೊಣಕಾಲೂರಿ ಕುಳಿತು, ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಎಳೆ ಆರಿಸತೊಡಗಿದ. ಭೀಮಗೊಂಡ ಜ್ವರದ ಮೈಯಲ್ಲೇ ಕೆಳಗಿಳಿದು ಅವನ ಜೊತೆ ಕೂತ. ಊಟದ ಗಂಟೆ ಹೊಡೆಯಿತು, ಇಬ್ಬರೂ ಏಳಲಿಲ್ಲ.

ಸಂಜೆ ಸುಬೇದಾರ ಕಾಕಾಸಾಹೇಬರು ಬಂದರು. ಇವರು ನಮ್ಮ ಶಿರಗುಪ್ಪಿಯವರು, ಕಬ್ಬಿನ ಹೊಲ ಬಿಟ್ಟು ಸೈನ್ಯ ಸೇರಿದವರು. ಬಂದವರೇ ಮಂಚದ ಅಂಚಿಗೆ ಕೂತರು.

"ದುರ್ಬೀನು ಸಿಕ್ಕೈತಿ. ಸ್ಟೋರಿನಾಗನ ಇತ್ತಂತ, ರೇನ್‌ಕೋಟಿನ ಹಿಂದ ಮೊಳಿಗೆ ಜೋತುಬಿದ್ದಿತ್ತಂತ" ಎಂದರು.

"ಚಲೋ ಆತ್ರಿ" ಎಂದ ಮಾಳಸಿದ್ದ.

"ನಿಂದು ಮಾಟ ಅಲ್ಲ, ಜಾವಳ ಅಂತ ನನಗ ಗೊತ್ತೈತಿ. ನಾ ಹೇಳ್ತೀನಿ ಅವರಿಗೆ."

"ನನ್ನ ಸಲುವಾಗಿ ಹೇಳೂದು ಬ್ಯಾಡ್ರಿ ಸಾಹೇಬರ. ಬರೂ ಸೋಮವಾರ ಸೈನಿಕ ಸಮ್ಮೇಳನ ಐತಲ್ಲ. ಅಲ್ಲಿ ನಾನ ಕೇಳ್ತೀನಿ."

ಸೈನಿಕ ಸಮ್ಮೇಳನವೆಂದರೆ ತಿಂಗಳಿಗೊಮ್ಮೆ ಇಡೀ ಪಲ್ಟನ್ ಆಲದ ಮರದ ಕೆಳಗೆ ಕೂಡುವುದು. ಕೊನೆಗೆ ಪಲ್ಟನ್ನಿನ ಮುಖ್ಯಸ್ಥರಾದ ಕರ್ನಲ್ ಸಾಹೇಬರು, "ಯಾರಿಗಾದರೂ ಹೇಳುವುದಿದೆಯೇ?" ಎಂದು ಕೇಳುತ್ತಾರೆ. ಹೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ಬೇಳೆ ನೀರಾಗಿದೆ, ನಲ್ಲಿ ಸೋರುತ್ತದೆ ಎಂಬುದರ ಆಚೆಗೆ ಯಾರೂ ಹೋಗಿರಲಿಲ್ಲ.

ಕಾಕಾಸಾಹೇಬರು ದನಿ ತಗ್ಗಿಸಿದರು. "ಹುಚ್ಚಪ್ಯಾಲಿ, ಕೇಳು. ಸಿಪಾಯಿಯಿಂದ ನಾಯಕ ಆಗಾವರ ಪಟ್ಟಿ ಬರೂ ವರ್ಷ ಹೊಂಡತೈತಿ. ನಿನ್ನ ಹೆಸರ ಮೂರನೇದ್ದು. ಈಗ ಎದ್ದ ನಿಂತಿ ಅಂದ್ರ ನಮ್ಮ ಕಂಪನಿ ನಡಸೂ ಮೇಜರ್ ಸಾಹೇಬರ ಮಾರಿ ಕೆಡತೈತಿ. ಹೆಸರ ಹ್ವಾದೀತು. ಒಂಬತ್ತು ವರ್ಷ ಬೆವರ ಸುರಿಸಿದಿ ಅದಕ್ಕ."

"ಚೆಕಿಂಗ್ ಮಾಡಬ್ಯಾಡ್ರಿ ಅಂತ ನಾ ಹೇಳೂದಿಲ್ರಿ."

"ಮತ್ತೇನ ಹೇಳಾಂವ?"

"ಸೋಮವಾರ ಕೇಳ್ರಲಾ."

ಸುಬೇದಾರರು ಎದ್ದರು. ಹೋಗುತ್ತ, "ನಿಮ್ಮ ಸತ್ತಿ ಮಂದಿ ಹೊಳಿ ನೀರ ಕುಡದ ಹಿಂಗ ಆಗ್ಯಾರ" ಎಂದರು. ಭೀಮಗೊಂಡ ಕಂಬಳಿಯೊಳಗಿಂದ, "ಶಿರಗುಪ್ಪಿಯವರು ಕುಡಿಯೂದು ಯಾವ ನೀರ್ರಿ ಸಾಹೇಬರ?" ಎಂದು ಕೇಳಿದ. ಅದೂ ಅದೇ ಕೃಷ್ಣೆಯ ನೀರೇ.

ಸೋಮವಾರ ಆಲದ ಮರದ ಕೆಳಗೆ ಆರುನೂರು ಜನ ಕೂತರು. ನಲ್ಲಿಯ ಮಾತಾಯಿತು, ಬೇಳೆಯ ಮಾತಾಯಿತು. ಮಾಳಸಿದ್ದ ಎದ್ದು ನಿಂತ. ಮೇಜರ್ ಸಾಹೇಬರ ಮುಖ ಆಗಲೇ ಬಿಗಿದಿತ್ತು. ಅವನು ಹಿಂದಿಯಲ್ಲಿ ಆಡಿದ ಮಾತನ್ನು ಭೀಮಗೊಂಡ ನನಗೆ ನಮ್ಮ ಮಾತಿನಲ್ಲಿ ಹೇಳಿದ್ದು ಹೀಗೆ:

"ಸಾಬ್, ಚೆಕಿಂಗ್ ಯಾವಾಗ ಬೇಕಾದ್ರೂ ಆಗ್ಲಿ. ಹೇಳದ ಕೇಳದ ಆಗ್ಲಿ, ನಾವು ಸಿಪಾಯಿಗಳು. ಬಂದೂಕು ಸರಕಾರದ್ದು, ಹಾಸಿಗಿ ಸರಕಾರದ್ದು, ಈ ಮೈನೂ ಸರಕಾರಕ್ಕ ಕೊಟ್ಟೀನಿ. ಟ್ರಂಕಿನಾಗ ಒಂದ ಗೇಣು ಜಾಗಾ ನಂದೈತಿ. ಅದನ್ನ ತಗೀಬೇಕಂದ್ರ ನನ್ನ ಕರೀರಿ, ನಾನ ತಗದು ತೋರಸ್ತೀನಿ. ನಮ್ಮ ಹೆಣ್ಣಮಕ್ಕಳು ಬರೆಸಿದ ಪತ್ರ ಮಂದಿ ಮುಂದ ಓದಿಸಬ್ಯಾಡ್ರಿ. ಇಷ್ಟ."

ಕರ್ನಲ್ ಸಾಹೇಬರು ಅವನನ್ನು ಕೂಡ್ರು ಎನ್ನಲಿಲ್ಲ. "ನಿನ್ನ ಟ್ರಂಕಿನಲ್ಲಿ ಏನಿತ್ತು?" ಎಂದು ಕೇಳಿದರು.

"ನನ್ನ ಮಗಳ ಮೊದಲ ಕೂದಲ, ಸಾಬ್. ಆಕಿ ಹುಟ್ಟಿದ ಮ್ಯಾಲ ನಾ ಇನ್ನೂ ನೋಡಿಲ್ಲ. ಕೂದಲಷ್ಟ ನೋಡೀನಿ."

ಯಾರೋ ನಕ್ಕರು. ನಗು ನಡುವೆಯೇ ನಿಂತಿತು. ಸುಬೇದಾರ ಕಾಕಾಸಾಹೇಬರು ಎದ್ದು ಸೆಲ್ಯೂಟ್ ಹೊಡೆದು, ಜಾವಳದ ಪದ್ಧತಿಯನ್ನು ಎರಡೇ ಮಾತಿನಲ್ಲಿ ಬಿಡಿಸಿ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಹವಾಲ್ದಾರ ತನ್ನ ಬೂಟಿನ ತುದಿ ನೋಡುತ್ತ ಕೂತಿದ್ದ.

ಕರ್ನಲ್ ಸಾಹೇಬರು ಹೆಚ್ಚು ಮಾತಾಡಲಿಲ್ಲ. ಚೆಕಿಂಗ್ ಇನ್ನು ಮುಂದೆಯೂ ಹೇಳದೆ ಕೇಳದೆ ಆಗುತ್ತದೆ ಎಂದರು. ಆದರೆ ಈ ಪಲ್ಟನ್ನಿನಲ್ಲಿ ಟ್ರಂಕಿನ ಬೀಗವನ್ನು ಅದರ ಒಡೆಯನೇ ತೆಗೆಯುತ್ತಾನೆ, ಪಕ್ಕದಲ್ಲಿ ಒಬ್ಬ ಸಾಕ್ಷಿ ನಿಲ್ಲುತ್ತಾನೆ, ಮನೆಯಿಂದ ಬಂದ ಪತ್ರಕ್ಕೆ ಯಾರೂ ಕೈ ಹಾಕುವುದಿಲ್ಲ ಎಂದರು. ಆಮೇಲೆ ಮೇಜರ್ ಸಾಹೇಬರ ಕಡೆ ತಿರುಗಿ, "ಈ ಜವಾನನಿಗೆ ರಜೆ ಕೊಡಿ. ಮಗಳನ್ನೂ ನೋಡಿಬರಲಿ" ಎಂದರು.

ಆ ಕರ್ನಲ್ ಯಾವ ಸೀಮೆಯವರೋ ನಾನು ಕಾಣೆ. ಅವರ ಹೊಟ್ಟೆ ತಣ್ಣಗಿರಲಿ ಎಂದು ಸತ್ತೆವ್ವ ಇಂದಿಗೂ ದೀಪ ಹಚ್ಚುವಾಗ ನೆನೆಯುತ್ತಾಳೆ.

ಜೂನ್ ತಿಂಗಳ ಮೊದಲ ಮಳೆಗೆ ಮಾಳಸಿದ್ದ ಸತ್ತಿಗೆ ಬಂದ. ಶೇವಂತಾ ಅವನನ್ನು ನೋಡಿ ತಾಯಿಯ ಸೀರೆಯ ಹಿಂದೆ ಅಡಗಿದಳು. ಹೊಳೆಯ ದಂಡೆಗೆ ಹೊರಟಾಗ ಅಕ್ಕ ದುಂಡವ್ವ ಗಂಟು ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ನಾ ಕಟ್ಟಿದ ಗಂಟಲ್ಲಪಾ. ನೆಲ ಮುಟ್ಟೇತೇನು?"

ಇಲ್ಲ ಎಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಅವನು, "ಮುಟ್ಟೇತಿ ಅಕ್ಕಾ" ಎಂದ, ನಡೆದದ್ದನ್ನೆಲ್ಲ ಹೇಳಿದ. ನಾವೆಲ್ಲ ದುಂಡವ್ವನ ಬಾಯಿ ನೋಡುತ್ತ ನಿಂತೆವು. ಆ ಮನೆಯಲ್ಲಿ ಅವಳ ಮಾತೇ ಶಾಸ್ತ್ರ. ಅವಳು ಕಲ್ಲಿನ ಮೇಲೆ ಕೂತಳು, ಎಲೆ ಅಡಿಕೆ ಹಾಕಿಕೊಂಡಳು, ನಿಧಾನಕ್ಕೆ ಅಗಿದಳು. ಆಮೇಲೆ ಸೆರಗು ಬಿಡಿಸಿ ಉಡಿಯೊಡ್ಡಿದಳು.

"ಹಾಕಿಲ್ಲಿ. ಕೂಸು ಬಿದ್ರ ಎತ್ತಿ ಉಡಿಯಾಗ ಹಾಕ್ಕೋತೀವಲ್ಲ, ಇದೂ ಹಂಗ. ಇನ್ನೊಮ್ಮೆ ಹಿಡಕೋತೀನಿ."

ಅವಳ ಉಡಿಯಿಂದ ಎತ್ತಿಕೊಂಡು ಮಾಳಸಿದ್ದ ಮೊಳಕಾಲ ನೀರಿಗೆ ಇಳಿದ. ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಕೈ ಬಿಚ್ಚಿದ. ಬ್ಯಾರಕ್ಕಿನ ಕಸದ ಒಂದೆರಡು ಕಡ್ಡಿಯೂ ಜಾವಳದ ಜೊತೆಗೇ ಹೋದವು. ಅಂದೇ ಶೇವಂತಾಗೆ ಹೊಸ ಅಂಗಿ ತೊಡಿಸಿದರು. ಸಂಜೆಯೊಳಗೆ ಅವಳು ಅಪ್ಪನ ಹೆಗಲೇರಿದ್ದಳು.

ಇದಕ್ಕೆ ತೆತ್ತದ್ದೂ ಉಂಟು. ಮುಂದಿನ ವರ್ಷದ ನಾಯಕರ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಒಂದು ವರ್ಷ ತಡವಾಗಿ ತೋಳಿಗೆ ನಾಯಕನ ಪಟ್ಟಿ ಬಂತು. ಆ ಹವಾಲ್ದಾರ ಅವನೊಡನೆ ನೆಟ್ಟಗೆ ಮಾತಾಡಲೇ ಇಲ್ಲ. ಆದರೆ ಪ್ರತಿ ಚೆಕಿಂಗಿನಲ್ಲೂ ಟ್ರಂಕಿನಿಂದ ಮಾರು ದೂರ ನಿಂತು, "ಬಾ, ನಿನ್ನ ಬೀಗ ನೀನೇ ತೆಗಿ" ಎನ್ನುತ್ತಿದ್ದ. ಭೀಮಗೊಂಡನ ಪ್ರಕಾರ ಅದು ನಿಯಮಕ್ಕೆ ಹೆದರಿ ಅಲ್ಲ, ಮಾಟಕ್ಕೆ ಹೆದರಿ.

ಮಾಳಸಿದ್ದ 1994ರಲ್ಲಿ ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ, ನಾಯಕನಾಗಿಯೇ ನಿವೃತ್ತನಾದ. ಆ ಒಂದು ವರ್ಷ ಕೈತಪ್ಪದೆ ಇದ್ದಿದ್ದರೆ ಹವಾಲ್ದಾರನಾಗಿ ಬರುತ್ತಿದ್ದ ಎಂಬುದು ಕಾಕಾಸಾಹೇಬರ ಲೆಕ್ಕ. ಎರಡು ವರ್ಷದ ಮೇಲೆ ಚಿಕ್ಕೋಡಿಯಲ್ಲಿ ಮಾಜಿ ಸೈನಿಕರ ಸಭೆ ಸೇರಿದಾಗ, ಮುದುಕರಾಗಿದ್ದ ಕಾಕಾಸಾಹೇಬರು ನನ್ನನ್ನು ಹುಡುಕಿಕೊಂಡು ಬಂದರು. "ನೀವು ಅರ್ಜಿ ಬರೀರಿ, ನಾ ಸಾಕ್ಷಿ ಹಾಕ್ತೀನಿ. ಕಳಕೊಂಡ ಆ ಒಂದ ವರ್ಷಾನ ಲೆಕ್ಕಕ್ಕ ಹಿಡಿಸೋಣು, ಹುಡುಗ ಹವಾಲ್ದಾರ ಅನ್ನಿಸ್ಕೊಳ್ಳಲಿ" ಎಂದರು. ನಾನು ಮರುದಿನವೇ ಹಾಳೆ, ಪೆನ್ನು ಹಿಡಿದು ಮಾಳಸಿದ್ದನ ಹೊಲಕ್ಕೆ ಹೋದೆ. ಅವನು ಕುರಿಗಳಿಗೆ ಬೇವಿನ ತೊಪ್ಪಲು ಕಟ್ಟುತ್ತಿದ್ದ. ನಾನು ಹೇಳಿದ್ದನ್ನು ಪೂರಾ ಕೇಳಿದ, ನಕ್ಕ, ಪೆನ್ನಿನ ಮುಚ್ಚಳವನ್ನು ತಾನೇ ಹಾಕಿಕೊಟ್ಟ.

"ಬ್ಯಾಡ ಕಾಕಾ, ಬರೀಬ್ಯಾಡ. ಸಾಹೇಬರಿಗೂ ಬ್ಯಾಡಂತ ಹೇಳು, ಅವರ ಉಪಕಾರ ನನ್ನ ತಲಿ ಮ್ಯಾಲ ಐತಿ. ಅವತ್ತ ಅಷ್ಟ ಮಂದಿಯೊಳಗ ನಾ ಒಬ್ಬ ಎದ್ದ ನಿಂತಾಗ, ಕೂಡ್ರಲೇ ಅಂತ ಯಾರೂ ಅನ್ನಲಿಲ್ಲ. ಕೇಳಿದ್ರು. ಆರನೂರು ಟ್ರಂಕಿಗೆ ಮಾನ ಬಂತು, ನನ್ನದೊಂದ ವರ್ಷ ಹೋತು. ಈಗ ಆ ವರ್ಷ ತಿರುಗಿ ಬೇಡಿದ್ರ, ಅವತ್ತ ನಾ ಪುಕ್ಕಟ ಮಾತಾಡ್ದಂಗ ಆಗ್ತೈತಿ."