ಉದ್ದ ಕಾಲಿನ ಮೋಟಾರು

ಲಗಮಪ್ಪ ಕಾಕಾ ದೋಣಿ ನಡೆಸುವವರ ಮನೆಯಲ್ಲಿ ಹುಟ್ಟಿದವರಲ್ಲ. ಹಳಿಯಾಳ ಕಡೆಯ ಒಂದು ಹಳ್ಳಿಯ ಒಕ್ಕಲುತನದ ಮನೆ ಅವರದು. ಸೂಪಾದಲ್ಲಿ ಅಣೆಕಟ್ಟು ಕಟ್ಟುವಾಗ, ಇಪ್ಪತ್ತರ ಹರೆಯದಲ್ಲಿ, ಅಪ್ಪನ ಚಕ್ಕಡಿ ಹೊಡೆದುಕೊಂಡು ಉಸುಕು ಸಾಗಿಸಲು ಬಂದರು. ಕಟ್ಟೆ ಎದ್ದಿತು, ನೀರು ನಿಂತಿತು, ಚಕ್ಕಡಿ ಓಡಾಡುತ್ತಿದ್ದ ದಾರಿಯೇ ನೀರಿನ ಕೆಳಗೆ ಹೋಯಿತು. ಎತ್ತುಗಳನ್ನು ಅಣ್ಣನ ಜೊತೆ ಊರಿಗೆ ಕಳಿಸಿ ಕಾಕಾ ಇಲ್ಲಿಯೇ ಉಳಿದರು. ಒಂದು ಸಣ್ಣ ದೋಣಿ ಮಾಡಿಸಿಕೊಂಡು, ಹಿನ್ನೀರಿನ ಆಚೆ ದಂಡೆಯ ಏಳು ಮನೆಯವರನ್ನು ಗಣೇಶಗುಡಿಯ ಬಸ್ಸಿನ ದಾರಿಗೆ ದಾಟಿಸತೊಡಗಿದರು.

ಆಚೆ ದಂಡೆಯ ಅಂಗನವಾಡಿಯ ಕೆಲಸ ನನಗೆ ಸಿಕ್ಕಿದ್ದು ಮದುವೆಯಾದ ಎರಡನೆಯ ವರ್ಷ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ದಂಡೆಗೆ ಬಂದರೆ ಕಾಕಾನ ದೋಣಿ ಕಾಯುತ್ತಿರುತ್ತಿತ್ತು. ದಾಟಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಗಳಲ್ಲಿ ನಾನು ಎಷ್ಟು ಎತ್ತುಗಳ ಚರಿತ್ರೆ ಕೇಳಿದ್ದೇನೆ ಎಂದು ಈಗ ಲೆಕ್ಕ ಹಿಡಿಯಲಾರೆ. ಯಾವುದರ ಸುಳಿ ಎಲ್ಲಿತ್ತು, ಯಾವುದು ಹಾಯುತ್ತಿತ್ತು, ಯಾವುದು ಮಳೆ ಬರುವ ಮೊದಲೇ ಮನೆಯ ಕಡೆ ತಿರುಗುತ್ತಿತ್ತು, ಎಲ್ಲ ಹೇಳುತ್ತಿದ್ದರು. ಹುಟ್ಟು ನೀರಿಗೆ ಬೀಳುವ ಸದ್ದು, ನಡುವೆ ಅವರ ಮಾತು. ನನ್ನ ಕೂದಲು ನೆರೆತದ್ದು ಆ ದೋಣಿಯಲ್ಲೇ ಎನ್ನಬೇಕು.

ಹೋದ ವರ್ಷ ಅವರ ಬಲ ಹೆಗಲು ಕೈಕೊಟ್ಟಿತು. ಮೊದಮೊದಲು ಎಣ್ಣೆ ತಿಕ್ಕಿಸಿಕೊಂಡರು, ಬಿಸಿ ಉಪ್ಪಿನ ಗಂಟು ಇಟ್ಟರು. ಕೊನೆಗೆ ದಾಂಡೇಲಿಯ ಡಾಕ್ಟರು, “ಹುಟ್ಟು ಬಿಡ್ರಿ ಯಜಮಾನ್ರ, ಇಲ್ಲಾಂದ್ರ ತುತ್ತು ಬಾಯಿಗೆ ಒಯ್ಯಾಕೂ ಕೈ ಏಳಾಂಗಿಲ್ಲ” ಅಂದರು.

“ದೋಣಿ ದಂಡಿಗೆ ಏರಿಸ್ರಿ, ಸಾಕು” ಎಂದರು ಅವರ ಹೆಂಡತಿ ಸಿದ್ದಕ್ಕ. “ಇಷ್ಟ ವರ್ಷ ಮಂದೀನ ದಾಟಿಸೀರಿ. ಇನ್ನ ಮನ್ಯಾಗ ಕುಂದರ್ರಿ.”

“ಮನ್ಯಾಗ ಕುಂತ ಏನ್ಮಾಡ್ಲಿ? ನಿನ್ನ ಮಾರಿ ನೋಡ್ಲ್ಯಾ?”

“ನೋಡಿದ್ರ ಏನ ಬರಬಾರದ್ದ ಬರ್ತೈತಿ?”

ಕಾಕಾ ನಕ್ಕರು, ಆದರೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಗಳು ಸಹನಾ ಗಣೇಶಗುಡಿಯ ರಾಫ್ಟಿಂಗ್ ಕಂಪನಿಯೊಂದರಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವಳೇ ಒಂದು ದಾರಿ ತೆಗೆದಳು. ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸುವ ಸಣ್ಣ ಮೋಟಾರು ಬರುತ್ತದೆ, ಕೂತಲ್ಲಿಂದಲೇ ಎಡಗೈಯಲ್ಲಿ ನಡೆಸಬಹುದು. ಸಿದ್ದಕ್ಕ ಒಪ್ಪಿದರು, ಆದರೆ ಒಂದು ಮಾತು ಹಾಕಿದರು. ಮೋಟಾರು ಹೊಂದದಿದ್ದರೆ ದೋಣಿ ದಂಡೆ ಏರಬೇಕು, ಮತ್ತೆ ಆ ಮಾತು ಎತ್ತಬಾರದು. ಕಾಕಾ ತಲೆಯಾಡಿಸಿದರು.

ಕಾರವಾರದ ಕಡೆಯಿಂದ ಹಳೆಯ ಮೋಟಾರು ತರುವ ಸುಭಾಸ ಎಂಬವನು ರಾಫ್ಟಿಂಗಿನವರಿಗೆ ಸಾಮಾನು ಕೊಡಲು ಬರುತ್ತಿದ್ದ. ಅವನು ಬರುವುದು ಸೋಮವಾರ ಮಾತ್ರ. ಹೋಳಿ ಹುಣ್ಣಿಮೆ ಕಳೆದ ಸೋಮವಾರ ಟೆಂಪೋದಿಂದ ಮೂರು ಮೋಟಾರು ಇಳಿಸಿ, ದಂಡೆಯ ಮತ್ತಿ ಮರದ ಕೆಳಗೆ ಗೋಣಿತಟ್ಟಿನ ಮೇಲೆ ಇಟ್ಟ. ನಾನು, ಆಚೆ ದಂಡೆಯ ಯಲ್ಲವ್ವ, ಇನ್ನೂ ನಾಲ್ಕು ಮಂದಿ ಸುತ್ತ ನಿಂತಿದ್ದೆವು.

“ಇದು ಎಂಟು ಎಚ್‌ಪಿ” ಎಂದ ಸುಭಾಸ. “ಇವೆರಡೂ ಎರಡೂವರೆ. ನಿಮ್ಮ ದೋಣಿಗಿ ಸಣ್ಣದ ಸಾಕ್ರಿ. ಯಾವುದ ಹೇಳ್ರಿ, ಈಗ ನೀರಿಗಿಳಿಸಿ ತೋರಸ್ತೇನಿ.”

“ಇವತ್ತ ಬ್ಯಾಡ” ಎಂದರು ಕಾಕಾ. “ಸೋಮವಾರ ಐತಿ.”

ಅವರ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹೊಸ ಎತ್ತಿಗಂತೂ ಮೊದಲ ನೊಗ ಸೋಮವಾರ ಇಟ್ಟವರಿಲ್ಲ.

“ಅಪ್ಪಾ, ಅದು ಮಷಿನ್. ಅದಕ್ಕ ಎಲ್ಲೀ ಸೋಮವಾರ?” ಎಂದಳು ಸಹನಾ. “ನೀವು ಸೋಮವಾರನೂ ಹುಟ್ಟು ಹಾಕ್ತಿದ್ರಿ.”

“ಹಾಕ್ತಿದ್ದೆ. ನಾ ಏನ ಎತ್ತಲ್ಲಲ್ಲ.”

ಯಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸುಭಾಸನಿಗೆ ಸಾಯಂಕಾಲದೊಳಗೆ ವಾಪಸು ಹೋಗಬೇಕಿತ್ತು. ಹೀಗಾಗಿ ಕಾಕಾ ಮೋಟಾರು ನೀರಿಗಿಳಿಸಿ ನೋಡದೆ, ತಮಗೆ ಗೊತ್ತಿದ್ದ ರೀತಿಯಲ್ಲೇ ಆರಿಸಲು ಕೂತರು. ಮೂರನ್ನೂ ಸುತ್ತು ಹಾಕಿದರು. ಎಂಟರದ್ದನ್ನು ಬಿಟ್ಟರು. “ಇದು ಗೂಳಿ. ನನ್ನ ದೋಣಿ ಹಿಂದ ಕುಂತು ಮುಂದ ಎದ್ದ ನಿಂದರತೈತಿ.” ಉಳಿದ ಎರಡರ ಮೈಮೇಲೆ ಕೈಯಾಡಿಸಿದರು, ಹಿಡಿಕೆ ಅಲುಗಾಡಿಸಿದರು, ಹಗ್ಗ ಜಗ್ಗಿ ಸದ್ದು ಕೇಳಿದರು. ಎರಡರ ಸದ್ದೂ ಒಂದೇ. ವ್ಯತ್ಯಾಸವಿದ್ದದ್ದು ನೀರಿಗಿಳಿಯುವ ಕೊಳವೆಯ ಉದ್ದದಲ್ಲಿ. ಅದಕ್ಕೆ ಅವರು ಕಾಲು ಎಂದರು. ಒಂದರ ಕಾಲು ಇನ್ನೊಂದಕ್ಕಿಂತ ಐದು ಇಂಚು ಉದ್ದ.

“ಹಲಗಿ ಅಳೀತೇನಿ ತಡೀರಿ” ಎಂದು ಸಹನಾ ಟೇಪು ತೆಗೆದಳು.

“ಎತ್ತು ತರೂ ಮುಂದ ಕೊಟ್ಟಿಗಿ ಅಳಿಯೂದಿಲ್ಲವಾ. ಉದ್ದ ಕಾಲಿಂದ ಕೊಡ್ರಿ. ಉದ್ದ ಕಾಲಿನ ಎತ್ತು ನಡಿಗಿಗೆ ಚಲೋ.”

ಮರುದಿನ ಮೋಟಾರಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ಕಾಕಾ ಹಗ್ಗ ಜಗ್ಗಿದರು. ಸಹನಾ ಕೊಟ್ಟ ಕಿತ್ತಳೆ ಜಾಕೀಟು ತೊಟ್ಟು ನಾನೂ ಯಲ್ಲವ್ವನೂ ಹತ್ತಿದೆವು. ಹುಟ್ಟುಗಳನ್ನು ಸಿದ್ದಕ್ಕ ಒತ್ತಾಯ ಮಾಡಿ ಒಳಗೆ ಇರಿಸಿದರು. ದೋಣಿ ಅರ್ಧ ದಾರಿ ಚೆನ್ನಾಗಿಯೇ ಹೋಯಿತು. ಬೇಸಿಗೆ ಹತ್ತಿರ ಬಂದಂತೆ ನಮ್ಮ ಹಿನ್ನೀರು ಇಳಿಯುತ್ತದೆ. ಹಿಂದೆ ಕಾಡಾಗಿದ್ದ ಜಾಗದ ಮರಗಳ ಬೊಡ್ಡೆಗಳು ನೀರಿನ ಸ್ವಲ್ಪ ಕೆಳಗೆ ನಿಂತಿರುತ್ತವೆ. ಕಾಕಾನಿಗೆ ಒಂದೊಂದೂ ಗೊತ್ತು. ಅವುಗಳ ನೆತ್ತಿಯ ಮೇಲೆಯೇ ಇಷ್ಟು ವರ್ಷ ದೋಣಿ ಜಾರಿಸಿದವರು. ಆದರೆ ಈಗ ದೋಣಿಯ ಕೆಳಗೆ ಒಂದು ಕಾಲಿತ್ತು.

ಖಟ್ ಎಂದಿತು. ಮೋಟಾರು ಕಿರುಚಿತು, ದೋಣಿ ನಿಂತಿತು. ನೀರಿನೊಳಗೆ ತಿರುಗುವ ಫ್ಯಾನು ಒಡೆಯಬಾರದೆಂದು ತಾನೇ ಮೊದಲು ಮುರಿಯುವ ಒಂದು ಪಿನ್ನು ಅದರಲ್ಲಿತ್ತಂತೆ, ಅದು ಮುರಿದಿತ್ತು. ಕಾಕಾ ಹುಟ್ಟಿಗೆ ಕೈ ಹಾಕಿದರು. ಯಲ್ಲವ್ವ ಕಸಿದುಕೊಂಡಳು.

“ಸುಮ್ನ ಕುಂದರಪಾ. ಹೆಗಲಾ ಬೇಕೋ ಬ್ಯಾಡೋ?”

ಒಂದು ಹುಟ್ಟು ಅವಳು, ಒಂದು ನಾನು. ಅವಳ ತೋಳಿನ ಶಕ್ತಿ ನನ್ನದಕ್ಕಿಂತ ಎರಡು ಪಟ್ಟು. ದೋಣಿ ಗಾಣದ ಎತ್ತಿನಂತೆ ಒಂದೇ ಕಡೆ ತಿರುಗತೊಡಗಿತು. “ಎಡಕ್ಕ, ಎಡಕ್ಕ. ಬಾಯಾರ, ಹಿಟ್ಟ ತಿರುವಿದಂಗ ತಿರುವಬ್ಯಾಡ್ರಿ” ಎಂದು ಕಾಕಾ ನನಗೆ ಹೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳುವುದನ್ನೂ ಬಿಟ್ಟರು. ಮುರಿದ ಪಿನ್ನಿನ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು, ತಮ್ಮ ದೋಣಿಯಲ್ಲಿ ತಾವೇ ದಾಟುವ ಮಂದಿಯ ಹಾಗೆ ಕೂತಿದ್ದರು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಒಳಗೊಳಗೇ ಪಂಚಾಕ್ಷರಿ ಹೇಳಿಕೊಳ್ಳುತ್ತ ಹುಟ್ಟು ಎಳೆದೆ.

ತಿರುಗಿ ಈಚೆ ದಂಡೆ ಮುಟ್ಟಿದ ಮೇಲೆ ಅವರೇ ಹೇಳಿದರು. “ಮಾತು ಮಾತೇ. ದೋಣಿ ಏರಿಸಿಬಿಡೂಣು.”

ಗೆದ್ದವರ ಮುಖ ಸಿದ್ದಕ್ಕನದಾಗಿರಲಿಲ್ಲ. ಚಹಾ ತಂದು ಕೈಗಿಟ್ಟು ಪಕ್ಕದಲ್ಲಿ ಕೂತರು. ಸಹನಾ ಹಿಂದಿನ ಹಲಗೆಗೆ ಟೇಪು ಹಿಡಿದಳು. ಹದಿನೈದು ಇಂಚು.

“ಇದು ಇಪ್ಪತ್ತರ ಹಲಗಿಗಿ ಮಾಡಿದ ಮೋಟಾರು, ಅಪ್ಪಾ. ಐದು ಇಂಚ ಹೆಚ್ಚಿಗಿ ಕೆಳಗ ಇಳದೈತಿ. ಸಣ್ಣ ಕಾಲಿಂದಿದ್ರ ಬೊಡ್ಡಿ ಮ್ಯಾಲಿಂದ ಹೋಗ್ತಿತ್ತು.”

“ನಮ್ಮಪ್ಪ ಎರಡ ಜೋಡಿ ಇಟ್ಟಿದ್ದ” ಎಂದರು ಕಾಕಾ. “ಚಕ್ಕಡಿಗಿ ಉದ್ದ ಕಾಲಿನವು. ಭತ್ತದ ಗದ್ದಿ ಕೆಸರಿಗಿ ಗಿಡ್ಡವು. ಉದ್ದ ಕಾಲಿಂದ ಕೆಸರಾಗ ಹೊಕ್ಕರ ಹೂತ ನಿಂದರತಿತ್ತು. ನಾ ಚಕ್ಕಡಿ ಹೊಡದಾಂವ, ಚಕ್ಕಡೀದ ಧ್ಯಾನದಾಗ ಆರಿಸಿದೆ. ಇದು ಗದ್ದಿ ಐತಿ.”

ಸಿದ್ದಕ್ಕ ಕಪ್ಪು ಬಸಿ ಎತ್ತಿಕೊಂಡು ಎದ್ದರು. “ಹಂಗಾರ ಗಿಡ್ಡದ್ದ ತರ್ರಿ. ಹೊಂದದಿದ್ರ ಏರಸ್ರಿ ಅಂದಿದ್ದೆ. ಇನ್ನೂ ಹೊಂದಿಸಿ ಎಲ್ಲಿ ನೋಡೀರಿ?”

ಮುಂದಿನ ಸೋಮವಾರ ಸುಭಾಸ ಉದ್ದ ಕಾಲಿನದನ್ನು ತಿರುಗಿ ಪಡೆದು ಗಿಡ್ಡ ಕಾಲಿನದನ್ನು ಕೊಟ್ಟ. ಅವತ್ತೂ ಕಾಕಾ ಅದನ್ನು ನೀರಿಗಿಳಿಸಲಿಲ್ಲ. ಆದರೆ ಟೇಪು ತಾವೇ ಕೇಳಿ ಪಡೆದು ಹಲಗೆ ಎರಡು ಸಲ ಅಳೆದರು.

ಮಂಗಳವಾರ ದೋಣಿ ಬೊಡ್ಡೆಗಳ ಜಾಗಕ್ಕೆ ಬಂದಾಗ ಕಾಕಾ, ಯಲ್ಲವ್ವ, ನಾನು ಮೂವರೂ ಬಗ್ಗಿ ನೀರು ನೋಡಿದೆವು. ಏನೂ ತಾಗಲಿಲ್ಲ. ಆರೇ ನಿಮಿಷದಲ್ಲಿ ಆಚೆ ದಂಡೆ ಬಂತು. ಆಗ ನನಗೆ ಒಂದು ಹೊಳೆಯಿತು. ಹುಟ್ಟು ಹಾಕುವಾಗ ಕಾಕಾ ನಮಗೆ ಎದುರಾಗಿ ಕೂರುತ್ತಿದ್ದರು. ಆಚೆ ದಂಡೆಗೆ ಅವರ ಬೆನ್ನು, ನಮಗೆ ಅವರ ಮುಖ. ಈಗ ಅವರು ಹಿಂದೆ ಮೋಟಾರಿನ ಹತ್ತಿರ, ನಾವು ಮುಂದೆ ನೋಡುತ್ತ ಅವರಿಗೆ ಬೆನ್ನು ಮಾಡಿ ಕೂತಿದ್ದೆವು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಅಂಗನವಾಡಿಗೆ ಎಂದಿಗಿಂತ ಬೇಗ ಮುಟ್ಟಿದೆ, ಆದರೆ ದಿನವಿಡೀ ಏನೋ ಮರೆತು ಬಂದವಳ ಹಾಗೆ ಇದ್ದೆ.

ಈಗ ವರ್ಷವಾಗುತ್ತ ಬಂತು. ದೋಣಿ ದಿನವೂ ಓಡುತ್ತದೆ. ಸೋಮವಾರ ಮೋಟಾರಿಗೆ ಬಿಡುವು, ಅವತ್ತು ಸಹನಾ ಹುಟ್ಟು ಹಾಕುತ್ತಾಳೆ. ಕಾಕಾನ ಹೆಗಲು ಪೂರ್ತಿ ವಾಸಿಯಾಗಿಲ್ಲ, ಹೆಚ್ಚಾಗಿಯೂ ಇಲ್ಲ.

ಮೊದಲ ವಾರದಲ್ಲೇ ಒಂದು ದಿನ ಯಲ್ಲವ್ವ ಹತ್ತಿದವಳೇ ಹಲಗೆಯ ಮೇಲೆ ಹಿಂದುಮುಂದಾಗಿ, ಕಾಕಾನ ಕಡೆ ಮುಖ ಮಾಡಿ ಕೂತಳು.

“ದಂಡಿ ಆ ಕಡೆ ಐತಿ, ಯಲ್ಲವ್ವಾ.”

“ಇರಲಿ ಬಿಡು. ದಂಡಿ ನೋಡಿ ನೋಡಿ ಸಾಕಾಗೈತಿ” ಎಂದಳು ಅವಳು. “ಮಷಿನ್ ಸ್ವಲ್ಪ ಸಣ್ಣಗ ಮಾಡು. ಏನ ಅವಸರ ಐತಿ ನಮಗ?”

ಕಾಕಾ ಹಿಡಿಕೆ ಸಡಿಲಿಸಿದರು. ಸದ್ದು ಇಳಿಯಿತು. ನಾನೂ ಎದ್ದು ಮೆಲ್ಲಗೆ ತಿರುಗಿ ಕೂತೆ.